ಕವೆಗೋಲು ಯಾರ ಕೈಯಲ್ಲಿ?

ಗ್ರ್ಯಾಂಟ್ ವುಡ್ 1930ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಚಿತ್ರವನ್ನು ಅಣಕಿಸದ ವ್ಯಂಗ್ಯಚಿತ್ರಕಾರರಿಲ್ಲ, ಜಾಹೀರಾತಿನವರಿಲ್ಲ, ಟಿವಿಯವರಿಲ್ಲ. ಆ ನಗುವಿನ ಒಳಗೆ ಒಂದು ದೇಶದ ಗಂಭೀರ ಪ್ರಶ್ನೆಯೂ ಇದೆ.

ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ. ಒಬ್ಬರ ಕೈಗೆ ಮೂರು ಮೊನೆಯ ಕವೆಗೋಲು ಕೊಡಿ. ಬೆನ್ನ ಹಿಂದೆ ಬಿಳಿ ಬಣ್ಣದ ಮರದ ಮನೆ, ಅದರ ಮಾಳಿಗೆಯಲ್ಲಿ ಚೂಪು ಕಮಾನಿನ ಒಂದು ಕಿಟಕಿ ಇರಲಿ. ಇಬ್ಬರೂ ನಗಬಾರದು. ಇಷ್ಟಾದರೆ ಸಾಕು, ಇದು ಯಾವ ಚಿತ್ರದ ಅಣಕು ಎಂದು ಅಮೆರಿಕದಲ್ಲಿ ಯಾರೂ ಕೇಳುವುದಿಲ್ಲ. ಅಧ್ಯಕ್ಷರೂ ಅವರ ಮಡದಿಯರೂ ಹೀಗೆ ನಿಂತಿದ್ದಾರೆ. ಮಿಕ್ಕಿ ಮೌಸ್ ಮತ್ತು ಮಿನ್ನಿ ನಿಂತಿದ್ದಾರೆ, ಬಾರ್ಬಿ ಮತ್ತು ಕೆನ್ ನಿಂತಿದ್ದಾರೆ. ಕೋವಿಡ್ ಬಂದ 2020ರಲ್ಲಿ ಅದೇ ಇಬ್ಬರು ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಜಗತ್ತಿನ ಮೊಬೈಲುಗಳಲ್ಲೆಲ್ಲ ಓಡಾಡಿದರು.

ಇಂಥ ಅಣಕುಗಳನ್ನು ಮೂಲ ಚಿತ್ರಕ್ಕೆ ಅಂಟಿದ ಧೂಳೆಂದು ಬೇಸರಪಡುವ ಕಲಾಪ್ರೇಮಿಗಳಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತೊಂಬತ್ತು ವರ್ಷಗಳ ಈ ಅಣಕುಗಳನ್ನು ಸಾಲಾಗಿ ಜೋಡಿಸಿ ನೋಡಿದರೆ, ಒಂದು ದೇಶ ‘ನಮ್ಮ ಮನೆಯವರು’ ಎಂದು ಯಾರನ್ನು ಕರೆದಿದೆ, ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದೆ ಎಂಬುದರ ಲೆಕ್ಕ ಸಿಗುತ್ತದೆ. ಆ ಲೆಕ್ಕಕ್ಕಾಗಿಯೇ ಅವನ್ನು ಗಮನವಿಟ್ಟು ನೋಡಬೇಕು.

ಎಲ್ಡನ್‌ನ ಮನೆ, ಸೀಡರ್ ರ್ಯಾಪಿಡ್ಸ್‌ನ ಮುಖಗಳು

ಅಮೆರಿಕದ ನಡುಭಾಗದಲ್ಲಿರುವ ಅಯೋವಾ ಮೆಕ್ಕೆಜೋಳದ ಹೊಲಗಳ ರಾಜ್ಯ. ಗ್ರ್ಯಾಂಟ್ ವುಡ್ ಹುಟ್ಟಿದ್ದು ಅಲ್ಲಿನ ಅನಮೋಸಾ ಊರಿನ ಹತ್ತಿರದ ಹೊಲಮನೆಯೊಂದರಲ್ಲಿ, 1891ರ ಫೆಬ್ರುವರಿ 13ರಂದು. ಹತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಸೀಡರ್ ರ್ಯಾಪಿಡ್ಸ್ ಪಟ್ಟಣಕ್ಕೆ ಬಂದರು. ವುಡ್ ಕಲಿತು, ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ಯುರೋಪಿಗೂ ಹೋಗಿಬಂದರು. 1928ರಲ್ಲಿ ಮ್ಯೂನಿಕ್‌ಗೆ ಹೋಗಿದ್ದಾಗ ಹಳೆಯ ಫ್ಲೆಮಿಶ್ ಮತ್ತು ಜರ್ಮನ್ ಚಿತ್ರಕಾರರ ಕೆಲಸ ಅವರನ್ನು ಹಿಡಿದು ನಿಲ್ಲಿಸಿತು. ಅಲುಗದ ಮುಖಗಳು, ಬಟ್ಟೆಯ ಹೊಲಿಗೆಯವರೆಗೆ ಎಣಿಸಬಹುದಾದ ವಿವರ, ನುಣುಪು ಮೈ. ಇದೇ ಕಣ್ಣಿನಿಂದ ತನ್ನ ಊರಿನವರನ್ನು ನೋಡಿದರೆ ಹೇಗೆ ಎಂಬ ಹಂಬಲದೊಂದಿಗೆ ಅವರು ಮನೆಗೆ ಮರಳಿದರು.

1930ರ ಆಗಸ್ಟ್‌ನಲ್ಲಿ ಎಲ್ಡನ್ ಎಂಬ ಪುಟ್ಟ ಊರಿನಲ್ಲಿ ಆ ಮನೆ ಕಣ್ಣಿಗೆ ಬಿತ್ತು. 1880ರ ದಶಕದ ಆರಂಭದಲ್ಲಿ ಕಟ್ಟಿದ ಸಣ್ಣ ಮರದ ಮನೆ. ಯುರೋಪಿನ ದೊಡ್ಡ ಚರ್ಚುಗಳಲ್ಲಿ ಕಲ್ಲಿನಲ್ಲಿ ಮೂಡುವ ಗಾಥಿಕ್ ಕಮಾನನ್ನು ಹಳ್ಳಿಯ ಬಡಗಿಗಳು ಹಲಗೆಯಲ್ಲಿ ಕತ್ತರಿಸಿ ಕೂರಿಸಿದ್ದರು. ಅಷ್ಟು ಬಡಕಲು ಮನೆಗೆ ಅಷ್ಟು ಭಾರಿ ಕಿಟಕಿ! ವುಡ್ ಲಕೋಟೆಯೊಂದರ ಹಿಂಬದಿಯಲ್ಲಿ ಅದನ್ನು ಗೀಚಿಕೊಂಡರು. ಆ ಕಿಟಕಿಯ ಹಾಗೆಯೇ ಉದ್ದಕ್ಕೆ ಎಳೆದಂಥ ಮುಖಗಳ ಜನ ಇಂಥ ಮನೆಯಲ್ಲಿ ಇರಬೇಕು ಎಂದು ಊಹಿಸಿದರು.

ಮುಖಗಳು ಸಿಕ್ಕಿದ್ದು ಸ್ವಂತ ಊರಿನಲ್ಲೇ. ಗಂಡಸಿನ ಮುಖ ಅವರ ಹಲ್ಲಿನ ಡಾಕ್ಟರು ಬೈರನ್ ಮೆಕ್ಕೀಬಿ ಅವರದು, ಆಗ ಅವರಿಗೆ 62 ವರ್ಷ. ಹೆಂಗಸಿನ ಮುಖ ವುಡ್‌ರ ತಂಗಿ ನ್ಯಾನ್ ಅವರದು, ವಯಸ್ಸು 31. ಇಬ್ಬರೂ ಒಟ್ಟಿಗೆ ನಿಂತು ಚಿತ್ರ ಬರೆಸಿಕೊಳ್ಳಲಿಲ್ಲ; ಬೇರೆ ಬೇರೆ ದಿನ ಬಂದು ಕುಳಿತರು. ಎಲ್ಡನ್‌ನ ಮನೆಯ ಮುಂದಂತೂ ನಿಲ್ಲಲೇ ಇಲ್ಲ. ಏಪ್ರನ್ನಿಗೆ ಹೊಲಿಯಬೇಕಾದ ಅಂಕುಡೊಂಕಿನ ಲೇಸು ಅಂಗಡಿಗಳಲ್ಲಿ ಸಿಗದೆ, ತಾಯಿಯ ಹಳೆಯ ಬಟ್ಟೆಯಿಂದ ಬಿಚ್ಚಿ ತಂದರಂತೆ. ಕೊರಳ ಬಳಿ ಇರುವ ಕೆತ್ತನೆಯ ಬ್ರೋಚ್ ಕೂಡ ತಾಯಿಯದೇ. ಮೊದಲ ಕರಡಿನಲ್ಲಿ ಗಂಡಸಿನ ಕೈಯಲ್ಲಿದ್ದದ್ದು ಕಸಕಡ್ಡಿ ಬಾಚುವ ಹಲ್ಲುಕೋಲು. ಅದು ಕವೆಗೋಲಾದ ಮೇಲೆಯೇ ಚಿತ್ರಕ್ಕೆ ಬೆನ್ನೆಲುಬು ಬಂತು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಇವರನ್ನು ಗಂಡ ಹೆಂಡತಿ ಎಂದು ನೋಡುವವರೇ ಹೆಚ್ಚು. ಆದರೆ 1941ರ ಪತ್ರವೊಂದರಲ್ಲಿ ವುಡ್ ಆ ಹೆಂಗಸು ಆತನ ಬೆಳೆದ ಮಗಳು ಎಂದು ಬರೆದರು. ನ್ಯಾನ್ ಕೂಡ ಬದುಕಿರುವವರೆಗೆ ಅದನ್ನೇ ಹೇಳಿದರು. ಅಣಕು ಮಾಡುವವರು ಮಾತ್ರ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರವೇ ಬಾಯಿ ಬಿಟ್ಟು ಹೇಳದ ನಂಟನ್ನು ನೋಡುವವರು ತಮಗೆ ತೋಚಿದಂತೆ ತುಂಬಿಕೊಂಡರು.

ಮೊದಲ ನಗು, ಮೊದಲ ಸಿಟ್ಟು

ಚಿತ್ರವನ್ನು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನ ವಾರ್ಷಿಕ ಪ್ರದರ್ಶನಕ್ಕೆ ಕಳಿಸಿದರು. ತೀರ್ಪುಗಾರರಲ್ಲಿ ಒಬ್ಬರು ಇದನ್ನು ತಮಾಷೆಯ ಚಿತ್ರವೆಂದು ಬದಿಗಿಟ್ಟಿದ್ದರಂತೆ. ಕೊನೆಗೆ ಕಂಚಿನ ಪದಕವೂ 300 ಡಾಲರ್ ಬಹುಮಾನವೂ ಬಂದವು. ಸಂಸ್ಥೆ ಚಿತ್ರವನ್ನು ಕೊಂಡುಕೊಂಡಿತು. ಇಂದಿಗೂ ಅದು ಅಲ್ಲೇ ಇದೆ. ಎತ್ತರ ಸುಮಾರು 78 ಸೆಂಟಿಮೀಟರ್, ಅಗಲ 65. ಅಚ್ಚಿನಲ್ಲಿ ಮಾತ್ರ ನೋಡಿದ್ದವರಿಗೆ ಇಷ್ಟು ಚಿಕ್ಕದೇ ಎಂದು ಅಚ್ಚರಿಯಾಗುತ್ತದೆ.

ಪತ್ರಿಕೆಗಳು ಚಿತ್ರವನ್ನು ಅಚ್ಚು ಹಾಕುತ್ತ ಹೋದವು. ಪೂರ್ವ ಕರಾವಳಿಯ ದೊಡ್ಡ ನಗರಗಳ ವಿಮರ್ಶಕರು ಹಿಗ್ಗಿದರು. ಹಳ್ಳಿಗಾಡಿನ ಸಂಕುಚಿತ ಬುದ್ಧಿಯನ್ನು ವುಡ್ ಚೆನ್ನಾಗಿ ಕುಟುಕಿದ್ದಾರೆ ಎಂದುಕೊಂಡರು. ಅದೇ ಚಿತ್ರ ಅಯೋವಾದ ಪತ್ರಿಕೆಯಲ್ಲಿ ಬಂದಾಗ ಒಕ್ಕಲು ಮನೆಗಳ ಹೆಂಗಸರು ಕೆರಳಿದರು. ಒಬ್ಬಾಕೆ ಚಿತ್ರಕಾರನ ಕಿವಿ ಕಚ್ಚಿ ಹರಿಯುತ್ತೇನೆಂದರು. ಇನ್ನೊಬ್ಬಾಕೆ ಈ ಮುಖವನ್ನು ಚೀಸ್ ಕಾರ್ಖಾನೆಯಲ್ಲಿ ತೂಗುಹಾಕಿ, ಹಾಲು ತಾನೇ ಹುಳಿಯಾಗುತ್ತದೆ ಎಂದರು. ತಮ್ಮನ್ನು ನೋಡಿ ಪರ ಊರಿನವರು ನಗುತ್ತಿದ್ದಾರೆ ಎಂಬ ನೋವು ಆ ಸಿಟ್ಟಿನಲ್ಲಿತ್ತು. ಅದನ್ನು ಹಗುರವಾಗಿ ಕಾಣಬಾರದು.

ಎರಡೂ ಕಡೆಯವರು ಒಂದೇ ಮಾತನ್ನು ಒಪ್ಪಿದ್ದರು: ಇದು ಗೇಲಿ. ವುಡ್ ಅದನ್ನು ಒಪ್ಪಲಿಲ್ಲ. ತಾನು ಬೆಳೆದ ನೆಲದ ಜನ ಒಳ್ಳೆಯವರು, ಗಟ್ಟಿಗರು ಎಂಬ ನಂಬಿಕೆಯಿಂದಲೇ ಬರೆದೆನೆಂದು ಹೇಳುತ್ತ ಬಂದರು. ಕಾಲವೂ ಅವರ ಕಡೆಗೆ ತಿರುಗಿತು. 1929ರ ಷೇರುಪೇಟೆ ಕುಸಿತದ ಹಿಂದೆಯೇ ಬ್ಯಾಂಕುಗಳು ಮುಳುಗಿದವು, ಕೆಲಸಗಳು ಹೋದವು, ಹೊಲಗಳು ಹರಾಜಾದವು. ಆ ಮಹಾ ಕುಸಿತದ ಕಾಲದಲ್ಲಿ, ಮನೆಯ ಮುಂದೆ ಕವೆಗೋಲು ಊರಿ ಕದಲದೆ ನಿಂತ ಈ ಇಬ್ಬರು ಬೇರೆಯೇ ರೀತಿ ಕಾಣತೊಡಗಿದರು. ನಗೆಪಾಟಲಾಗಿದ್ದವರು ಸಹನೆಯ ಗುರುತಾದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅವರು ಇಡೀ ದೇಶದ ಹಿರಿಯರಂತೆ ನಿಂತಿದ್ದರು.

ಮುಂದಿನ ಅಣಕುಗಳಿಗೆಲ್ಲ ಬೇರು ಈ ಏರುಪೇರಿನಲ್ಲಿದೆ. ಒಂದು ಪೀಳಿಗೆಗೆ ಹಾಸ್ಯವಾಗಿಯೂ ಮುಂದಿನದಕ್ಕೆ ಪೂಜ್ಯವಾಗಿಯೂ ಕಂಡ ಚಿತ್ರ ಅಪರೂಪ. ಪೂಜೆಗೆ ಕೂತದ್ದನ್ನೇ ಅಲ್ಲವೇ ಜನ ಅಣಕಿಸಿ ನೋಡುವುದು?

ಅಣಕಕ್ಕೆ ಒಗ್ಗುವ ಕಟ್ಟು

ಮೂಲದ ಧಾಟಿ ಕೇಳುಗರ ನಾಲಗೆಯ ಮೇಲೆ ಇದ್ದರೆ ಮಾತ್ರ ಅಣಕವಾಡು ನಗಿಸುತ್ತದೆ. ಚಿತ್ರಕ್ಕೂ ಅದೇ ಮಾತು. ಆದರೆ ಪ್ರಸಿದ್ಧ ಚಿತ್ರಗಳೆಲ್ಲ ಅಣಕಕ್ಕೆ ಒಗ್ಗುವುದಿಲ್ಲ. ಜನಜಂಗುಳಿ ಇರುವ ಚಿತ್ರವನ್ನು ಮನೆಯ ಅಂಗಳದಲ್ಲಿ ಇಬ್ಬರು ಆಡಿ ತೋರಿಸಲಾಗದು. ಬಣ್ಣದ ಮಾಯೆಯನ್ನೇ ನಂಬಿದ ಚಿತ್ರ ಪತ್ರಿಕೆಯ ಕಪ್ಪುಬಿಳಿ ಗೆರೆಯಲ್ಲಿ ಉಳಿಯದು. ‘ಅಮೆರಿಕನ್ ಗಾಥಿಕ್’ಗೆ ಬೇಕಾದದ್ದು ನಾಲ್ಕೇ: ಎರಡು ಮುಖ, ಒಂದು ಹತ್ಯಾರು, ಒಂದು ಕಿಟಕಿ. ಯಾವುದನ್ನು ಬದಲಿಸಿದರೂ ಉಳಿದ ಮೂರು ಚಿತ್ರದ ಹೆಸರು ಹೇಳುತ್ತವೆ. ಮುಖ ಬದಲಿಸಿದರೆ ರಾಜಕೀಯ ವ್ಯಂಗ್ಯಚಿತ್ರ. ಹತ್ಯಾರು ಬದಲಿಸಿದರೆ ಜಾಹೀರಾತು. ಮನೆ ಬದಲಿಸಿದರೆ ವರ್ಗದ ಮಾತು, ಹಣದ ಮಾತು.

ಚಿತ್ರದ ಒಳಗಿನ ಜೋಡಣೆಯೂ ಇದಕ್ಕೆ ಒದಗಿಬರುತ್ತದೆ. ಕವೆಗೋಲಿನ ಮೂರು ಮೊನೆ ಗಂಡಸಿನ ಓವರಾಲ್‌ನ ಎದೆಯ ಹೊಲಿಗೆಯಲ್ಲಿ ಮತ್ತೆ ಮೂಡಿದೆ. ಅದೇ ನೀಟ ಗೆರೆಗಳು ಅಂಗಿಯ ಪಟ್ಟೆಯಲ್ಲಿ, ಗೋಡೆಯ ಹಲಗೆಗಳಲ್ಲಿ, ಕಿಟಕಿಯ ಕಂಬಿಯಲ್ಲಿ ಮೇಲೇರುತ್ತವೆ. ಕಣ್ಣು ಒಮ್ಮೆ ಕಲಿತ ಈ ಲಯವನ್ನು ಮರೆಯದು. ಇಬ್ಬರ ನೋಟವೂ ಬೇರೆ. ಆತ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಆಕೆಯ ಕಣ್ಣು ಪಕ್ಕಕ್ಕೆ ಹೊರಳಿದೆ. ಏನಾಯಿತು ಈ ಮನೆಯಲ್ಲಿ ಎಂಬ ಕುತೂಹಲ ಆ ಹೊರಳುನೋಟದಲ್ಲೇ ಹುಟ್ಟುತ್ತದೆ.

ಅಣಕುಗಳಲ್ಲಿ ಸಾಮಾನ್ಯವಾಗಿ ಕಳೆದುಹೋಗುವ ವಿವರಗಳೂ ಇವೆ. ಬಿಗಿಯಾಗಿ ಬಾಚಿದ ತಲೆಯಿಂದ ತಪ್ಪಿಸಿಕೊಂಡು ಕತ್ತಿನ ಮೇಲೆ ಇಳಿದ ಒಂದೇ ಒಂದು ಕೂದಲ ಎಳೆ. ಜಗಲಿಯ ಮೇಲಿನ ಹೂಕುಂಡಗಳು. ಕಿಟಕಿಗೆ ಇಳಿಬಿಟ್ಟ ಪರದೆ. ಸಾವಿರ ನಕಲು ನೋಡಿದವರೂ ಮೂಲದ ಮುಂದೆ ನಿಂತಾಗ ಹೊಸದನ್ನು ಕಾಣುವುದು ಇಂಥ ಕಡೆ. ಅಣಕು ಮೂಲವನ್ನು ಸವೆಸುತ್ತದೆ ಎಂಬುದು ಈ ಚಿತ್ರದ ಮಟ್ಟಿಗೆ ಸುಳ್ಳು.

ಪೊರಕೆ ಹಿಡಿದ ಎಲಾ ವಾಟ್ಸನ್

ಈ ಚಿತ್ರದಿಂದ ಹುಟ್ಟಿದ ಎಲ್ಲ ಮರುರೂಪಗಳಲ್ಲಿ ಅತಿ ದೊಡ್ಡದು ನಗಿಸುವುದಿಲ್ಲ. ಅದು 1942ರ ಛಾಯಾಚಿತ್ರ, ತೆಗೆದವರು ಗಾರ್ಡನ್ ಪಾರ್ಕ್ಸ್. ಕಪ್ಪು ಜನಾಂಗದ ಈ ಯುವ ಛಾಯಾಗ್ರಾಹಕರು ವಾಷಿಂಗ್ಟನ್‌ಗೆ ಬಂದು, ಹಳ್ಳಿಗಾಡಿನ ಬಡತನವನ್ನು ದಾಖಲಿಸುತ್ತಿದ್ದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಇಲಾಖೆಯಲ್ಲಿ ಕೆಲಸಕ್ಕೆ ನಿಂತಿದ್ದರು. ದೇಶದ ರಾಜಧಾನಿಯ ಅಂಗಡಿ, ಹೋಟೆಲು, ಚಿತ್ರಮಂದಿರಗಳು ಬಣ್ಣ ನೋಡಿ ಅವರನ್ನು ಹೊರಗೆ ಕಳಿಸಿದವು. ಕುದಿಯುತ್ತ ಬಂದ ಪಾರ್ಕ್ಸ್‌ಗೆ ಮೇಲಧಿಕಾರಿ ರಾಯ್ ಸ್ಟ್ರೈಕರ್ ಒಂದು ದಾರಿ ತೋರಿದರು: ಈ ಊರಲ್ಲಿ ಇದನ್ನೆಲ್ಲ ಉಂಡು ಬದುಕಿದ ಹಿರಿಯರೊಂದಿಗೆ ಮೊದಲು ಮಾತಾಡಿ.

ಅದೇ ಕಟ್ಟಡದಲ್ಲಿ ನೆಲ ಒರೆಸುತ್ತಿದ್ದ ಎಲಾ ವಾಟ್ಸನ್ ಅವರೊಂದಿಗೆ ಪಾರ್ಕ್ಸ್ ಮಾತಿಗೆ ಕುಳಿತರು. ತಂದೆಯನ್ನು ಗುಂಪೊಂದು ಕೊಂದದ್ದು, ಗಂಡ ಗುಂಡೇಟಿಗೆ ಬಲಿಯಾದದ್ದು, ವರ್ಷಕ್ಕೆ 1080 ಡಾಲರ್ ಸಂಬಳದಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವುದು, ಎಲ್ಲವನ್ನೂ ಆಕೆ ಹೇಳಿದರೆಂದು ಪಾರ್ಕ್ಸ್ ಮುಂದೆ ನೆನೆದಿದ್ದಾರೆ. ಗೋಡೆಯ ಮೇಲೆ ಅಮೆರಿಕದ ಬಾವುಟ ಇಳಿಬಿದ್ದಿತ್ತು. ಅದರ ಮುಂದೆ ವಾಟ್ಸನ್ ಅವರನ್ನು ನಿಲ್ಲಿಸಿ, ಒಂದು ಕೈಗೆ ಪೊರಕೆ ಕೊಟ್ಟು, ನೆಲ ಒರೆಸುವ ಕೋಲನ್ನು ಪಕ್ಕದಲ್ಲಿ ನಿಲ್ಲಿಸಿ ಪಾರ್ಕ್ಸ್ ಚಿತ್ರ ತೆಗೆದರು. ಇದನ್ನು ಹೊರಗೆ ಬಿಟ್ಟರೆ ನಮ್ಮೆಲ್ಲರ ಕೆಲಸ ಹೋದೀತು ಎಂದು ಸ್ಟ್ರೈಕರ್ ಬೆಚ್ಚಿದರಂತೆ. ಇಲಾಖೆಯ ದಾಖಲೆಯಲ್ಲಿ ‘ಸರ್ಕಾರಿ ಕಸಗುಡಿಸುವವಳು’ ಎಂಬರ್ಥದ ಒಂದು ಸಾಲು ಮಾತ್ರ ಇತ್ತು. ‘ಅಮೆರಿಕನ್ ಗಾಥಿಕ್’ ಎಂಬ ಹೆಸರು ಆಮೇಲೆ ಬಂದು ನಿಂತಿತು.

ಈ ಹೆಸರಿನಿಂದ ಎರಡು ಚಿತ್ರಗಳು ಮುಖಾಮುಖಿಯಾದವು. ವುಡ್ ಅವರ ಚಿತ್ರದಲ್ಲಿ ಇಬ್ಬರಿಗೆ ಸ್ವಂತ ಮನೆ ಇದೆ. ಇಲ್ಲಿ ಒಬ್ಬರೇ, ಹಿಂದೆ ಇರುವುದು ಬಾವುಟ. ಅಲ್ಲಿನ ಹತ್ಯಾರು ತನ್ನ ಹೊಲಕ್ಕೆ; ಇಲ್ಲಿನದು ಬೇರೆಯವರ ನೆಲಕ್ಕೆ. ಆ ಮನೆಯನ್ನು ಗುಡಿಸುವವರು ಯಾರು, ಚಿತ್ರದ ಚೌಕಟ್ಟಿನೊಳಗೆ ಅವರಿಗೆ ಜಾಗ ಏಕಿಲ್ಲ ಎಂದು ಪಾರ್ಕ್ಸ್ ಕೇಳಿದರು. ಪ್ರಬಂಧ ಬರೆದು ಕೇಳಬೇಕಾದ್ದನ್ನು ಒಂದು ಭಂಗಿಯಲ್ಲಿ ಕೇಳಿದರು. ಅಣಕಿನ ಶಕ್ತಿ ಎಷ್ಟೆಂದು ತಿಳಿಯಬೇಕಾದವರು ಮೊದಲು ನೋಡಬೇಕಾದದ್ದು ಇದನ್ನೇ. 2024ರಲ್ಲಿ ಮಿನಿಯಾಪೊಲಿಸ್‌ನ ಕಲಾ ಸಂಗ್ರಹಾಲಯ ಪಾರ್ಕ್ಸ್ ತೆಗೆದ ವಾಟ್ಸನ್ ಅವರ ಚಿತ್ರಗಳಿಗೇ ಒಂದು ಪ್ರದರ್ಶನ ಮೀಸಲಿಟ್ಟಿತು. ಅವರ ಮನೆ, ಅವರ ಚರ್ಚು, ಅವರ ಮೊಮ್ಮಕ್ಕಳು ಆ ಸರಣಿಯಲ್ಲಿದ್ದಾರೆ.

ಟಿವಿಯ ಪಡಸಾಲೆಗೆ

ನಗಿಸುವ ಅಣಕುಗಳ ಪ್ರವಾಹ ಬಂದದ್ದು ಟಿವಿ ಮನೆಮನೆ ಸೇರಿದ ಮೇಲೆ. ಅಯೋವಾದಲ್ಲೇ ನಡೆಯುವ ಕಥೆಯ ‘ದ ಮ್ಯೂಸಿಕ್ ಮ್ಯಾನ್’ ಸಂಗೀತ ನಾಟಕ 1962ರಲ್ಲಿ ಸಿನಿಮಾ ಆದಾಗ, ಊರಿನ ಜನರ ಹಾಡಿನ ನಡುವೆ ಒಂದು ಜೋಡಿ ಇದೇ ಭಂಗಿಯಲ್ಲಿ ಕಾಣಿಸಿಕೊಂಡಿತು. ಅದೇ ದಶಕದಲ್ಲಿ ಜನರಲ್ ಮಿಲ್ಸ್ ಕಂಪನಿಯ ಕಾರ್ನ್ ಫ್ಲೇಕ್ಸ್ ಜಾಹೀರಾತಿನಲ್ಲಿ ಇಬ್ಬರೂ ಬಾಯಿ ತೆರೆದು ಹಾಡಿದರು. ನಗರದ ಗಂಡ ಹೆಂಡತಿ ಹಳ್ಳಿಗೆ ಬಂದು ಒಕ್ಕಲುತನ ಮಾಡುವ ‘ಗ್ರೀನ್ ಏಕರ್ಸ್’ ಧಾರಾವಾಹಿ 1965ರಲ್ಲಿ ಶುರುವಾಯಿತು. ಅದರ ಶೀರ್ಷಿಕೆ ಗೀತೆ ಮುಗಿಯುವುದೇ ನಾಯಕ ನಾಯಕಿ ಕವೆಗೋಲು ಹಿಡಿದು ನಿಲ್ಲುವಲ್ಲಿಗೆ. ಹಳ್ಳಿಗಳು ಖಾಲಿಯಾಗಿ ಉಪನಗರಗಳು ಬೆಳೆಯುತ್ತಿದ್ದ ಕಾಲ ಅದು. ಬಿಟ್ಟುಬಂದ ಅಜ್ಜನ ಮನೆಯನ್ನು ನೋಡಿ ನಗುವುದೂ ಅದಕ್ಕಾಗಿ ಕೊರಗುವುದೂ ಒಟ್ಟಿಗೇ ನಡೆದಿತ್ತು.

1975ರ ‘ದ ರಾಕಿ ಹಾರರ್ ಪಿಕ್ಚರ್ ಶೋ’ ಇದೇ ಭಂಗಿಯನ್ನು ಚರ್ಚಿನ ಬಾಗಿಲಿಗೆ ತಂದಿತು. ಕಟ್ಟುನಿಟ್ಟಿನ ದಾಂಪತ್ಯವನ್ನೇ ಕೆಣಕುವ ಆ ಚಿತ್ರಕ್ಕೆ ಅದಕ್ಕಿಂತ ಒಪ್ಪುವ ಗುರುತು ಸಿಗುತ್ತಿರಲಿಲ್ಲ. 1998ರ ಡಿಸ್ನಿಯ ‘ಮುಲಾನ್’ನಲ್ಲಿ ಚೀನಾದ ಪೂರ್ವಜರ ಪ್ರೇತಗಳ ನಡುವೆಯೂ ಕವೆಗೋಲು ಹಿಡಿದ ಜೋಡಿ ಇದೆ. ಕಾರ್ಟೂನ್ ಧಾರಾವಾಹಿ ‘ದ ಸಿಂಪ್ಸನ್ಸ್’ನ ಒಂದು ಕಂತಿನಲ್ಲಿ ಬಾರ್ಟ್ ಎಂಬ ಹುಡುಗ ಚಿತ್ರವನ್ನು ಒರೆಸಿ ಒರೆಸಿ ಬಣ್ಣವನ್ನೇ ಅಳಿಸುತ್ತಾನೆ, ಅತಿಯಾಗಿ ಉಜ್ಜಿದ್ದೀ ಎಂದು ಗದರುವ ವುಡ್ ಸಹಿಯ ಬರಹ ಅಡಿಯಲ್ಲಿ ಸಿಗುತ್ತದೆ. ಅಣಕಿಸಿ ಅಣಕಿಸಿ ಮೂಲ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಅಣಕವೇ ಎತ್ತಿಕೊಂಡದ್ದು ಇಲ್ಲಿನ ಸೊಗಸು.

ನನಗೆ ವಿಶೇಷವಾಗಿ ಹಿಡಿಸುವುದು ನಟ ಪಾಲ್ ನ್ಯೂಮನ್ ಅವರ ಆಹಾರ ಕಂಪನಿಯ ಸಾವಯವ ತಿನಿಸುಗಳ ಪೊಟ್ಟಣ. ಅದರ ಮೇಲೆ ಕವೆಗೋಲು ಹಿಡಿದು ನಿಂತವರು ನ್ಯೂಮನ್ ಮತ್ತು ಅವರ ಮಗಳು ನೆಲ್. ವುಡ್ ಮನಸ್ಸಿನಲ್ಲಿದ್ದ ಅಪ್ಪ ಮಗಳ ನಂಟಿಗೆ ಈ ಜಾಹೀರಾತು ನಿಷ್ಠವಾಗಿ ಉಳಿದಿದೆ.

ನ್ಯಾನ್ ತೆತ್ತ ಬೆಲೆ

ಚಿತ್ರದಲ್ಲಿರುವವರು ಜೀವಂತ ಮನುಷ್ಯರು ಎಂಬುದನ್ನು ಅಣಕುಕಾರರು ಮರೆತರು. ಮೆಕ್ಕೀಬಿ ಒಲ್ಲದ ಮನಸ್ಸಿನಿಂದ ಕುಳಿತಿದ್ದವರು. ಊರಿನವರು ಗುರುತು ಹಿಡಿದಾಗ ಮುಜುಗರಪಟ್ಟರು. ನ್ಯಾನ್ ಅರವತ್ತು ವರ್ಷ ಆ ಮುಖವನ್ನು ಹೊತ್ತು ಬಾಳಿದರು. ಅಣ್ಣ ಬರೆದ ಉದ್ದ ಮುಖ ಅವರ ನಿಜವಾದ ದುಂಡುಮುಖಕ್ಕಿಂತ ಪ್ರಸಿದ್ಧವಾಯಿತು. ವುಡ್ 1942ರಲ್ಲಿ, ತಮ್ಮ 51ನೆಯ ಹುಟ್ಟುಹಬ್ಬದ ಹಿಂದಿನ ದಿನ ತೀರಿಕೊಂಡರು. ಆಮೇಲೆ ಆ ಚಿತ್ರದ ಪರವಾಗಿ ಮಾತಾಡುವ ಹೊಣೆ ತಂಗಿಯ ಪಾಲಿಗೆ ಬಂತು.

ಹೆಚ್ಚಿನ ಅಣಕುಗಳನ್ನು ನ್ಯಾನ್ ಪ್ರೀತಿಯಿಂದಲೇ ಕಂಡರು. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದರು. ಆ ಸಂಗ್ರಹ ಈಗ ಅಯೋವಾದ ಡ್ಯಾವನ್‌ಪೋರ್ಟ್ ನಗರದ ಫಿಗ್ಗೆ ಕಲಾ ಸಂಗ್ರಹಾಲಯದಲ್ಲಿದೆ. ಆದರೆ 1960ರ ದಶಕದ ಕೊನೆಯಲ್ಲಿ ಆಕೆಯ ಆಕೃತಿಯನ್ನು ಅರೆನಗ್ನವಾಗಿ ತೋರಿಸಿದಾಗ ಸಹಿಸಲಿಲ್ಲ. ಸುಮಾರು ಎಪ್ಪತ್ತರ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ದಾವೆ ರಾಜಿಯಲ್ಲಿ ಮುಗಿಯಿತು. ಕೆಲವು ವರ್ಷಗಳ ಬಳಿಕ ಪತ್ರಿಕೆಯೊಂದರ ಮೇಲೆ ಹೂಡಿದ ಇನ್ನೊಂದು ದಾವೆ ವಜಾ ಆಯಿತು. ಅಣಕಿಸುವ ಹಕ್ಕು ದೊಡ್ಡದು, ಅದನ್ನು ಕಾನೂನು ಕಾಯಬೇಕು. ಆದರೂ ಆ ಹೆಂಗಸಿನ ಅವಮಾನ ನಿಜವಾದದ್ದು. ಒಬ್ಬ ದೇಶಾಧ್ಯಕ್ಷನ ಮುಖ ಅಂಟಿಸಿ ಅಧಿಕಾರವನ್ನು ಕುಟುಕುವುದಕ್ಕೂ, ಅಣ್ಣನಿಗಾಗಿ ಒಮ್ಮೆ ಕುಳಿತ ಮುದುಕಿಯ ಮೈಯನ್ನು ಮಾರಾಟಕ್ಕಿಡುವುದಕ್ಕೂ ಅಂತರ ಇದೆ. ಆ ಅಂತರವನ್ನು ಕೋರ್ಟು ಅಳೆಯಲಾರದೇ ಹೋದರೂ ನೋಡುವ ನಾವು ಅಳೆಯಬಹುದು.

ಅಣಕವಾಡಿದ ವುಡ್

ವುಡ್ ಬದುಕಿದ್ದರೆ ಈ ಅಣಕುಗಳ ಬಗ್ಗೆ ಏನೆನ್ನುತ್ತಿದ್ದರು? ಅವರ ಕೆಲಸದಲ್ಲೇ ಉತ್ತರದ ಸುಳಿವಿದೆ. ಸೀಡರ್ ರ್ಯಾಪಿಡ್ಸ್‌ನ ಯುದ್ಧ ಸ್ಮಾರಕಕ್ಕೆ ಅವರು ರೂಪಿಸಿದ ಬಣ್ಣದ ಗಾಜಿನ ಕಿಟಕಿ ಜರ್ಮನಿಯಲ್ಲಿ ತಯಾರಾದದ್ದಕ್ಕೆ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಮಹಿಳಾ ಸಂಘಟನೆ ತಕರಾರು ತೆಗೆದಿತ್ತು. ವುಡ್ 1932ರಲ್ಲಿ ಉತ್ತರ ಕೊಟ್ಟರು. ಬಿಗುಮಾನದ ಮೂವರು ಹೆಂಗಸರು, ಒಬ್ಬಾಕೆಯ ಕೈಯಲ್ಲಿ ಟೀ ಕಪ್ಪು. ಅವರ ಹಿಂದೆ ಗೋಡೆಯ ಮೇಲೆ ವಾಷಿಂಗ್ಟನ್ ಡೆಲವೇರ್ ನದಿ ದಾಟುವ ಪ್ರಸಿದ್ಧ ಚಿತ್ರ. ದೇಶಭಕ್ತಿಯ ಆ ಚಿತ್ರವನ್ನು ಬರೆದ ಇಮಾನ್ಯುಯೆಲ್ ಲ್ಯೂಟ್ಜ ಬೆಳೆದದ್ದು ಅಮೆರಿಕದಲ್ಲಿ, ಚಿತ್ರ ಬರೆದದ್ದು ಜರ್ಮನಿಯಲ್ಲಿ! 1939ರ ಇನ್ನೊಂದು ಚಿತ್ರದಲ್ಲಿ ಚೆರಿ ಮರ ಕಡಿದ ಬಾಲಕ ವಾಷಿಂಗ್ಟನ್‌ನ ಪುಟ್ಟ ದೇಹಕ್ಕೆ ಗಿಲ್ಬರ್ಟ್ ಸ್ಟುವರ್ಟ್ ಬರೆದ ಮುದಿ ಅಧ್ಯಕ್ಷರ ತಲೆಯನ್ನೇ ಕೂರಿಸಿದರು. ಎಲ್ಲರಿಗೂ ಗೊತ್ತಿದ್ದ ಚಿತ್ರಗಳನ್ನು ಎರವಲು ಪಡೆದು, ಎಲ್ಲರೂ ನಂಬಿದ್ದನ್ನು ಅಲುಗಿಸುವ ವಿದ್ಯೆ ವುಡ್‌ಗೆ ಚೆನ್ನಾಗಿ ತಿಳಿದಿತ್ತು.

ಇಂದಿನ ಸೂಟ್‌ಕೇಸು

2008ರ ಕೊನೆಯಲ್ಲಿ, ಅಮೆರಿಕದ ಬ್ಯಾಂಕುಗಳು ಮತ್ತೆ ಕುಸಿದ ಹೊತ್ತಿನಲ್ಲಿ, ಷಿಕಾಗೋದ ಪಯೊನೀರ್ ಕೋರ್ಟ್ ಚೌಕದಲ್ಲಿ ಈ ಇಬ್ಬರು 25 ಅಡಿ ಎತ್ತರದ ಪ್ರತಿಮೆಗಳಾಗಿ ಎದ್ದು ನಿಂತರು. ಮಾಡಿದವರು ಶಿಲ್ಪಿ ಸೀವರ್ಡ್ ಜಾನ್ಸನ್. ಮೂಲದಲ್ಲಿಲ್ಲದ ಒಂದು ವಸ್ತು ಅವರ ಕಾಲ ಬಳಿ ಇತ್ತು: ಏಷ್ಯಾದ ದೇಶಗಳ ಚೀಟಿ ಅಂಟಿಸಿದ ಸೂಟ್‌ಕೇಸು. ಅಮೆರಿಕದ ಕೆಲಸಗಳು ಸಮುದ್ರ ದಾಟಿ ಹೋದ ಕಥೆ ಅದು. ಹಾಗೆ ಹೋದ ಕೆಲಸಗಳಲ್ಲಿ ಕೆಲವು ಬೆಂಗಳೂರಿಗೂ ಬಂದದ್ದರಿಂದ ಆ ಸೂಟ್‌ಕೇಸಿನ ಅರ್ಥವನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮನೆ ಖಾಲಿ ಮಾಡಿದವರೂ ಇಲ್ಲಿ ರಾತ್ರಿ ಪಾಳಿಗೆ ಹೊರಟವರೂ ಒಂದೇ ಕಥೆಯ ಎರಡು ತುದಿ.

ಎಲ್ಡನ್ ಊರಿನ ಮನೆ ಈಗ ಅಯೋವಾದ ಇತಿಹಾಸ ಸಂಸ್ಥೆಯ ವಶದಲ್ಲಿದೆ. ಪಕ್ಕದ ಮಾಹಿತಿ ಕೇಂದ್ರದಲ್ಲಿ ಏಪ್ರನ್, ಕೋಟು, ಕವೆಗೋಲು ಸಿಗುತ್ತವೆ. ತೊಟ್ಟುಕೊಂಡು ಮನೆಯ ಮುಂದೆ ನಿಂತು ಯಾರು ಬೇಕಾದರೂ ಫೋಟೊ ತೆಗೆಸಿಕೊಳ್ಳಬಹುದು. ಯಾವ ದೇಶದವರು, ಯಾವ ಬಣ್ಣದವರು, ಗಂಡು ಗಂಡೋ ಹೆಣ್ಣು ಹೆಣ್ಣೋ ಎಂದು ಕೇಳುವವರಿಲ್ಲ. 1930ರಲ್ಲಿ ಕೆರಳಿದ ಅಯೋವಾ ಇಂದು ಬಂದವರ ಕೈಗೆ ತಾನೇ ಕವೆಗೋಲು ಕೊಡುತ್ತದೆ. ಇದು ಸಣ್ಣ ಬದಲಾವಣೆ ಅಲ್ಲ.

ಈ ಅಣಕುಗಳನ್ನು ತೂಗಲು ನಾನು ಕಂಡುಕೊಂಡ ಅಳತೆ ಒಂದೇ: ಅದು ಯಾರನ್ನು ಆ ಮನೆಯ ಮುಂದೆ ನಿಲ್ಲಿಸಿತು, ಅವರನ್ನು ಅಲ್ಲಿ ನೋಡಿ ನಾವು ಹೊಸದಾಗಿ ಏನನ್ನು ಅರಿತೆವು? ನಟನಟಿಯರ ತಲೆ ಬದಲಿಸಿದ ನೂರಾರು ಚಿತ್ರಗಳು ಒಂದು ಕ್ಷಣ ನಗಿಸಿ ಸರಿದುಹೋಗುತ್ತವೆ. ಅವಕ್ಕೂ ಜಾಗ ಇರಲಿ. ಪಾರ್ಕ್ಸ್ ಕೇಳಿದಂಥ ಪ್ರಶ್ನೆ ಮಾತ್ರ ಉಳಿಯುತ್ತದೆ. ದೇಶದ ಮನೆಯನ್ನು ಗುಡಿಸುವವರು, ಉಳುವವರು, ಕಾಯುವವರು ಅದೇ ಮನೆಯವರೆಂದು ಒಪ್ಪಿಕೊಳ್ಳುವವರೆಗೆ ಈ ಚಿತ್ರವನ್ನು ಅಣಕಿಸುವುದು ನಿಲ್ಲಬಾರದು.